ಹುಟ್ಟುಕುರುಡನೂ ಅವನ ನೆರೆಹೊರೆಯವರೂ



ಯೋಹಾನನು ಬರೆದ ಸುವಾರ್ತೆಯ ೯ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನ ವೃತ್ತಾಂತವಿದೆ. ಅದನ್ನು ಓದುವಾಗಲೆಲ್ಲ ನಾವು ಅವನಿಗೆ ಕಣ್ಣು ಬಂದದ್ದನ್ನೇ ಧ್ಯಾನಿಸುತ್ತೇವೆ. ಈ ಸಾರಿ ಅವನ ಸುತ್ತಲಿದ್ದ ಕಣ್ಣುಳ್ಳವರನ್ನು ಕುರಿತು ಯೋಚಿಸೋಣ. ಅಂಗಹೀನರನ್ನು ನಾವು ಕಾಣುವ ರೀತಿ ಎಲ್ಲಿಂದ ಹುಟ್ಟುತ್ತದೆಂಬುದು ಅವರಲ್ಲಿ ಸ್ಪಷ್ಟವಾಗಿ ತೋರುತ್ತದೆ.

ಮೊದಲನೆಯದಾಗಿ, ಶಿಷ್ಯರು. ಅವನನ್ನು ಕಂಡ ಕೂಡಲೆ ಅವರು ಅವನ ಹೆಸರನ್ನಾಗಲಿ ಕಷ್ಟವನ್ನಾಗಲಿ ವಿಚಾರಿಸದೆ, ಇದು ಯಾರ ಪಾಪದ ಫಲವೆಂದು ಗುರುವನ್ನು ಕೇಳಿದರು. ಈ ಪ್ರಶ್ನೆ ನಮ್ಮ ಹಳ್ಳಿಗಳಲ್ಲಿಯೂ ಉಂಟು. ಪೂರ್ವಜನ್ಮದ ಕರ್ಮವೆಂದು ಕೆಲವರು, ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದ ದೋಷವೆಂದು ಕೆಲವರು ಹೇಳುತ್ತಾರೆ. ಅದನ್ನೆಲ್ಲ ಬಿಟ್ಟೆವೆನ್ನುವ ನಾವಾದರೋ ಹೆತ್ತವರ ಗುಪ್ತಪಾಪವೆಂದೋ ನಂಬಿಕೆಯ ಕೊರತೆಯೆಂದೋ ಹೇಳುತ್ತೇವೆ. ಮಾತು ಬದಲಾಯಿತೇ ಹೊರತು ಪ್ರಶ್ನೆ ಬದಲಾಗಲಿಲ್ಲ. ಕರ್ತನು ಇಂಥ ತೀರ್ಪನ್ನು ಒಪ್ಪದೆ, ಮಗನ ಮೇಲಿಂದಲೂ ಹೆತ್ತವರ ಮೇಲಿಂದಲೂ ಆ ಅಪವಾದವನ್ನು ತೆಗೆದುಬಿಟ್ಟನು.

ಪೋಲಿಯೊ ರೋಗದಿಂದ ಕಾಲು ಬತ್ತಿದ ಮಕ್ಕಳನ್ನು ಕುರಿತು ಜನರು ಇದೇ ರೀತಿ ಆಡಿಕೊಳ್ಳುತ್ತಿದ್ದರು. ಆ ರೋಗಕ್ಕೆ ಕಾರಣವು ಒಂದು ವೈರಾಣು. ಮಕ್ಕಳ ಬಾಯಿಗೆ ಲಸಿಕೆಯ ಹನಿಗಳನ್ನು ಹಾಕುತ್ತ ಬಂದದ್ದರಿಂದ ನಮ್ಮ ದೇಶವು ೨೦೧೪ರಲ್ಲಿ ಪೋಲಿಯೊ ಇಲ್ಲದ ದೇಶಗಳ ಸಾಲಿಗೆ ಸೇರಿತು. ಅದು ಪಾಪದ ಶಿಕ್ಷೆಯಾಗಿದ್ದರೆ ಎರಡು ಹನಿ ಔಷಧವು ತಡೆಯುತ್ತಿತ್ತೋ?

ಎರಡನೆಯದಾಗಿ, ನೆರೆಹೊರೆಯವರು. ಅವನು ಕಣ್ಣು ಪಡೆದು ಬಂದಾಗ, ಇವನು ಅವನೇ ಹೌದೋ ಅಲ್ಲವೋ ಎಂದು ಅವರು ತರ್ಕಿಸಿದರು. ದಿನಾಲು ಕಾಣುತ್ತಿದ್ದವನ ಗುರುತು ಸಿಕ್ಕದೆ ಹೋದದ್ದು ಹೇಗೆ? ಅವರು ಚಾಚಿದ ಕೈಯನ್ನು ನೋಡಿದ್ದರು, ಮುಖವನ್ನು ನೋಡಿರಲಿಲ್ಲ. ಕಾಸು ಕೊಟ್ಟು ಮುಂದೆ ಹೋಗುವ ದಯೆಯೂ ಮನುಷ್ಯನನ್ನು ಮರೆಮಾಡಬಲ್ಲದು. ಅದೇ ಮನುಷ್ಯನು ತರುವಾಯ ಶಾಸ್ತ್ರಬಲ್ಲ ಫರಿಸಾಯರ ಮುಂದೆ ನಿಂತು ಅಂಜದೆ ವಾದಿಸಿದನು. ಆ ಬುದ್ಧಿ ಅವನಲ್ಲಿ ಮುಂಚೆಯೂ ಇದ್ದೀತು, ಕೇಳುವವರಿರಲಿಲ್ಲ.

ಮೂರನೆಯದಾಗಿ, ಹೆತ್ತವರು. ಸಭಾಮಂದಿರದಿಂದ ಬಹಿಷ್ಕಾರವಾದೀತೆಂದು ಹೆದರಿ ಅವರು ಮಗನ ಪಕ್ಷ ವಹಿಸದೆ ಜಾರಿಕೊಂಡರು. ಊರಿನ ಭಯವು ಮನೆಯೊಳಗಿನ ಪ್ರೀತಿಯನ್ನೂ ಕುಗ್ಗಿಸುತ್ತದೆ. ಆ ಭಯಕ್ಕೆ ಕಾನೂನು ಬೆಂಬಲವಾದರೆ ಹೇಳತಕ್ಕದ್ದೇನು? ಕುಷ್ಠರೋಗವು ರೋಗಾಣುವಿನಿಂದ ಬರುವದೆಂದು ನಾರ್ವೆ ದೇಶದ ಹಾನ್ಸೆನ್ ವೈದ್ಯನು ೧೮೭೩ರಲ್ಲಿ ಕಂಡುಕೊಂಡಿದ್ದನು. ಆದರೂ ೧೮೯೮ರ ಕಾನೂನು ನಿರ್ಗತಿಕ ಕುಷ್ಠರೋಗಿಯನ್ನು ವಾರಂಟಿಲ್ಲದೆ ಹಿಡಿಯುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಔಷಧದಿಂದ ಗುಣವಾಗುವ ರೋಗವೆಂದು ತಿಳಿದ ಮೇಲೆಯೂ ಅದು ೨೦೧೬ರ ವರೆಗೆ ಪೂರ್ಣವಾಗಿ ರದ್ದಾಗಲಿಲ್ಲ. ಕ್ರೈಸ್ತರ ವಿವಾಹವಿಚ್ಛೇದನದ ಕಾನೂನಿನಲ್ಲಿಯೂ ಈ ರೋಗವು ಗಂಡಹೆಂಡಿರನ್ನು ಅಗಲಿಸಲು ಒಂದು ಕಾರಣವಾಗಿತ್ತು. ೨೦೧೯ರಲ್ಲಿ ಅದನ್ನು ತೆಗೆದುಹಾಕಿದರು. ಶಾಸನದಿಂದ ಹೋದದ್ದು ನಮ್ಮ ಹೃದಯದಿಂದಲೂ ಹೋಯಿತೋ?

ಆದಕಾರಣ, ಪ್ರಿಯರೇ, ನಾವು ಮಾಡತಕ್ಕದ್ದೇನು? ಎರಡು ಕಾಲೂ ಕುಂಟಾಗಿದ್ದ ಮೆಫೀಬೋಶೆತನಿಗೆ ದಾವೀದನು ಬಾಗಿಲಲ್ಲಿ ಭಿಕ್ಷೆ ಹಾಕಿಸಲಿಲ್ಲ. ಅವನ ಅಜ್ಜನ ಭೂಮಿಯನ್ನು ಹಿಂದಕ್ಕೆ ಕೊಟ್ಟು, ತನ್ನ ಪಂಕ್ತಿಯಲ್ಲಿ ಕೂರಿಸಿಕೊಂಡನು. ಹಕ್ಕೂ ಪಂಕ್ತಿಯೂ ಕೂಡಿಯೇ ಇರಬೇಕು. ಕುಂಟನೆಂದೂ ಮೂಗಿಯೆಂದೂ ಕರೆಯುವದನ್ನು ಬಿಟ್ಟು ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರಿನಿಂದ ಕರೆಯೋಣ. ದೇವಾಲಯದ ಮೆಟ್ಟಲುಗಳನ್ನು ಹತ್ತಲಾರದವರಿಗೆ ಮಣ್ಣಿನ ಇಳಿಜಾರನ್ನಾದರೂ ಕಟ್ಟೋಣ. ಒಳಕೋಣೆಯಲ್ಲಿ ಅಡಗಿಸಿಟ್ಟ ಮಗುವನ್ನು ಶಾಲೆಗೆ ಕಳುಹಿಸೋಣ. ನೂರಕ್ಕೆ ೪೦ಕ್ಕೆ ಕಡಿಮೆಯಿಲ್ಲದ ಊನವುಳ್ಳ ಮಕ್ಕಳಿಗೆ ೬ರಿಂದ ೧೮ ವರುಷದ ವರೆಗೆ ಉಚಿತ ಶಿಕ್ಷಣದ ಹಕ್ಕನ್ನು ೨೦೧೬ರ ಕಾನೂನು ಕೊಟ್ಟಿದೆ. ಸಭೆಯ ಕೂಟಗಳಲ್ಲಿ ಅವರ ಮಾತನ್ನೂ ಕೇಳೋಣ.

ಸಭಾಮಂದಿರದವರು ಹೊರಗೆ ಹಾಕಿದ ಆ ಮನುಷ್ಯನನ್ನು ಕರ್ತನು ತಾನೇ ಹುಡುಕಿಕೊಂಡು ಹೋದನು. ನಾವು ಹೊರಗೆ ನಿಲ್ಲಿಸಿದವರ ಬಳಿಯಲ್ಲಿಯೂ ಆತನು ಇರುವನು. ಅವರ ಮುಖವನ್ನು ನೋಡುವ ಕಣ್ಣನ್ನು ದೇವರು ನಮಗೆ ಅನುಗ್ರಹಿಸಲಿ. ಆಮೆನ್.