ಎಷ್ಟು ಹೊತ್ತಿಗೆ ತಿರುಗಿ ಬರೋದು?

ಯರಗುಪ್ಪಿಯ ಹೊರಗೆ ಯಾವ ದಿಕ್ಕಿಗೆ ಮುಖ ಮಾಡಿ ನಿಂತರೂ ನೋಟಕ್ಕೆ ಅಡ್ಡ ಬರುವಂಥದ್ದು ಹೆಚ್ಚೇನಿಲ್ಲ. ಎರೆ ಹೊಲ, ಬದುವಿನ ಮೇಲೊಂದು ಬೇವು, ಅದರಾಚೆ ಮತ್ತೆ ಎರೆ ಹೊಲ. ಇಂಥ ಬಯಲಿನ ಜನಕ್ಕೆ ಹಿಮದ ಬೆಟ್ಟದಲ್ಲಿ ದಾರಿ ಗೊತ್ತುಮಾಡುವ ಲೆಕ್ಕ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ, ಇದೇ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹೆಸರು ಹೇಳಿದರೆ ಸಾಕು.

ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಯೋಧ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯ ಮೇಲೆ ಹಿಮ ಕುಸಿದಾಗ ಹತ್ತು ಮಂದಿ ಅದರಡಿ ಹೂತುಹೋದರು. ಠಾಣೆ ಇದ್ದದ್ದು 19,600 ಅಡಿ ಎತ್ತರದಲ್ಲಿ. ನಮ್ಮ ಸೀಮೆ ಸಮುದ್ರಮಟ್ಟದಿಂದ ಸುಮಾರು ಎರಡು ಸಾವಿರ ಅಡಿ ಮೇಲಿದೆ ಅಂದುಕೊಂಡರೆ, ಅದು ಹೆಚ್ಚುಕಡಿಮೆ ಹತ್ತು ಪಟ್ಟು. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಇಲ್ಲಿ ಸಿಗುವುದರ ಸುಮಾರು ಅರ್ಧದಷ್ಟೇ. ಆರು ದಿನದ ಮೇಲೆ ಇಪ್ಪತ್ತೈದು ಅಡಿಗೂ ಹೆಚ್ಚು ಹಿಮ ಕಡಿದು ಹುಡುಕಿದವರಿಗೆ ಹನುಮಂತಪ್ಪ ಜೀವಂತ ಸಿಕ್ಕರು. ಫೆಬ್ರುವರಿ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ದಿನಗಳಲ್ಲಿ ಈ ಭಾಗದ ಗುಡಿ, ಮಸೀದಿಗಳಲ್ಲಿ ನಡೆದ ಪ್ರಾರ್ಥನೆ ಜನರ ನೆನಪಿನಲ್ಲಿದೆ. ಅಂಥ ಠಾಣೆಗೆ ಮನುಷ್ಯ ಹೋಗಿ ಮುಟ್ಟುವುದು ಹೇಗೆ ಎಂಬುದನ್ನು ಮಾತ್ರ ನಾವು ಹೆಚ್ಚು ಕೇಳಲಿಲ್ಲ.

ಹೆಚ್ಚಾಗಿ ನಡೆದೇ ಹೋಗಬೇಕು. ಸಾಮಾನ್ಯವಾಗಿ ರಾತ್ರಿ, ಇಲ್ಲವೇ ಬೆಳಗಿನ ಜಾವ. ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡು, ನಡುವೆ ಅಂತರ ಬಿಟ್ಟು, ಮುಂದಿನವನ ಹೆಜ್ಜೆಯ ಗುರುತಿನಲ್ಲೇ ಹೆಜ್ಜೆ ಇಡುತ್ತ ಹೋಗಬೇಕು. ಮುಂದಿರುವವನು ಕೋಲಿನಿಂದ ಹಿಮ ಚುಚ್ಚಿ ನೋಡುತ್ತಾನೆ. ಕೋಲು ತಡೆದರೆ ಸರಿ, ಸರ್ರನೆ ಒಳಗೆ ಜಾರಿದರೆ ಕೆಳಗೆ ಬಿರುಕಿದೆ ಎಂದರ್ಥ. ಆ ಬಿರುಕು ಎಷ್ಟೋ ಸಲ ಬಾವಿಗಿಂತ ಆಳ, ಮೇಲೆ ತೆಳ್ಳಗಿನ ಹಿಮದ ಮುಚ್ಚಿಗೆ. ನಿನ್ನೆ ನಡೆದ ದಾರಿಯನ್ನು ರಾತ್ರಿಯ ಗಾಳಿ ಅಳಿಸಿಬಿಡುವುದರಿಂದ ದಾರಿಯುದ್ದಕ್ಕೂ ಗುರುತು ನೆಟ್ಟು, ಅದನ್ನು ಮತ್ತೆ ಮತ್ತೆ ನೋಡಿಕೊಂಡು ಬರಬೇಕಾಗುತ್ತದೆ. 1978ರಲ್ಲಿ ಸಿಯಾಚಿನ್‌ಗೆ ಸೇನೆಯ ಪರ್ವತಾರೋಹಿ ತಂಡವನ್ನು ಕರೆದೊಯ್ದ ಕರ್ನಲ್ ನರೇಂದ್ರ ಕುಮಾರ್, 1981ರಲ್ಲಿ ಮತ್ತೆ ಹೋಗಿ ಬಂದರು. ಆ ನೀರ್ಗಲ್ಲಿನ ಉದ್ದಗಲ ನಮ್ಮವರಿಗೆ ತಿಳಿದದ್ದೇ ಆ ಓಡಾಟದಿಂದ. 1984ರ ಏಪ್ರಿಲ್ 13ರಂದು ಸೇನೆ ಮೇಲೇರಿದ್ದು ಅದರ ನಂತರ.

ಇನ್ನು ನಕ್ಷೆಯ ಮಾತು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸಾಮಾನ್ಯ ಬಳಕೆಯ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಅದರಲ್ಲಿ ಕಂದು ಬಣ್ಣದ ಗೆರೆಗಳಿರುತ್ತವೆ, ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು. ಕುಂದಗೋಳ ಸೀಮೆಯ ಹಾಳೆ ಬಿಡಿಸಿದರೆ ಈ ಗೆರೆ ದೂರ ದೂರಕ್ಕೆ ಒಂದೊಂದು. ಹಿಮಾಲಯದ ಗಢವಾಲದ ಹಾಳೆಯಲ್ಲಿ ಬೆರಳಿಡಲು ಜಾಗವಿಲ್ಲದಂತೆ ಒತ್ತಾಗಿರುತ್ತವೆ. ಎರಡರಲ್ಲೂ ಹನ್ನೆರಡು ಸೆಂಟಿಮೀಟರಿನ ಒಂದು ದಾರಿ ಹಿಡಿಯಿರಿ. ಇಲ್ಲಿ ಆರು ಕಿಲೋಮೀಟರನ್ನು ಒಂದೂಕಾಲು ಗಂಟೆಯಲ್ಲಿ ನಡೆದುಬಿಡಬಹುದು. ಅಲ್ಲಿ? ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹಾಕಿಕೊಟ್ಟ ಲೆಕ್ಕ ಇಂದಿಗೂ ಚಾಲ್ತಿಯಲ್ಲಿದೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಏರಿದ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಆರು ಕಿಲೋಮೀಟರಿನಲ್ಲಿ 900 ಮೀಟರ್ ಏರುವುದಿದ್ದರೆ ಎರಡು ಮುಕ್ಕಾಲು ಗಂಟೆ ಹಿಡಿಯಿತು. ಇದೂ ಗಟ್ಟಿ ನೆಲದ, ಗಟ್ಟಿ ಕಾಲಿನವರ ಲೆಕ್ಕ. ತೆಳುಗಾಳಿ, ಹಿಮ, ಬೆನ್ನ ಮೇಲಿನ ಹೊರೆ ಸೇರಿದರೆ ಇದು ದುಪ್ಪಟ್ಟಾದರೂ ಅಚ್ಚರಿಯಿಲ್ಲ. ಹೀಗಿರುವಾಗ ಟ್ರೆಕ್ಕಿಂಗ್ ಜಾಹೀರಾತಿನಲ್ಲಿ ‘ನಾಲ್ಕನೇ ದಿನ, 12 ಕಿಲೋಮೀಟರ್’ ಎಂದಷ್ಟೇ ಬರೆದವರನ್ನು ನಾನಂತೂ ನಂಬಲಾರೆ. ಎಷ್ಟು ಏರು, ಎಷ್ಟು ಗಂಟೆ ಎಂದು ಹೇಳದ ದಾರಿ ದಾರಿಯೇ ಅಲ್ಲ.

ಈ ಗಂಟೆಯ ವಿಚಾರ ನಮ್ಮ ರೈತನಿಗೆ ಹೊಸದಾಗಿ ಹೇಳಿಕೊಡಬೇಕಾದದ್ದಲ್ಲ. ಮಳೆ ನಿಂತ ಮರುಗಳಿಗೆ ಎರೆ ಹೊಲಕ್ಕೆ ಯಾರೂ ಇಳಿಯುವುದಿಲ್ಲ. ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತುತ್ತದೆ, ಎತ್ತಿನ ಗೊರಸು ಹೂಳುತ್ತದೆ. ನಾಲ್ಕು ದಿನ ತಡ ಮಾಡಿದರೆ ನೆಲ ಬಿರಿದು ಕೂರಿಗೆ ಇಳಿಯುವುದಿಲ್ಲ. ನಡುವೆ ಹದ ಇರುವುದು ಸ್ವಲ್ಪವೇ ಹೊತ್ತು. ಹಿಮಕ್ಕೂ ಹಾಗೇ ಹದ ಉಂಟು. ರಾತ್ರಿಯ ಚಳಿಗೆ ಗಟ್ಟಿಯಾಗಿ ನಸುಕಿನಲ್ಲಿ ಆಳಿನ ಭಾರ ತಾಳುವ ಹಿಮ, ಬಿಸಿಲೇರಿದ ಮೇಲೆ ಮೊಣಕಾಲಿನವರೆಗೆ ಕುಸಿಯುತ್ತದೆ. ಬೆಳಿಗ್ಗೆ ಕಲ್ಲಿನ ಮೇಲೆ ಕಾಲಿಟ್ಟು ದಾಟಿದ ತೊರೆ, ಮೇಲಿನ ಹಿಮ ಕರಗಿ ಮಧ್ಯಾಹ್ನಕ್ಕೆ ದಾಟಲಾಗದಷ್ಟು ತುಂಬುತ್ತದೆ. ಹೊಸ ಹಿಮ ಬಿದ್ದ ಒಂದೆರಡು ದಿನ 30ರಿಂದ 45 ಡಿಗ್ರಿ ಇಳಿಜಾರಿನ ಕೆಳಗೆ ಸುಳಿಯಲೇಬಾರದು, ಹೆಚ್ಚಿನ ಹಿಮಕುಸಿತಗಳು ಆಗುವುದು ಅಂಥ ಇಳಿಜಾರಿನಲ್ಲೇ. ಅದಕ್ಕೇ ಅನುಭವಿಗಳು ನಡುರಾತ್ರಿ ಎರಡಕ್ಕೋ ಮೂರಕ್ಕೋ ಎದ್ದು ಹೊರಟು, ಮಧ್ಯಾಹ್ನದೊಳಗೆ ಡೇರೆಗೆ ವಾಪಸಾಗುವ ಹಾಗೆ ದಾರಿ ಹಾಕುತ್ತಾರೆ.

2024ರ ಜೂನ್ ಮೊದಲ ವಾರ ಕನ್ನಡಿಗರಿಗೆ ಮರೆಯಲಾಗದ್ದು. ಉತ್ತರಾಖಂಡದ ಸಹಸ್ತ್ರತಾಲ್ ಸರೋವರದ ಚಾರಣಕ್ಕೆ ಹೋದ 22 ಜನರ ತಂಡದಲ್ಲಿ ಬಹುಪಾಲು ಕರ್ನಾಟಕದವರು. ಜೂನ್ 3ರಂದು ವಾಪಸು ಬರುವಾಗ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ತೀರಿಕೊಂಡರು. ಮರುದಿನ ನಾವೆಲ್ಲ ಲೋಕಸಭೆಯ ಮತ ಎಣಿಕೆ ನೋಡುತ್ತ ಟಿವಿ ಮುಂದೆ ಕೂತಿದ್ದೆವು. ರಾಜ್ಯದ ಅಂದಿನ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಧಾವಿಸಿ, ಉಳಿದ ಹದಿಮೂರು ಜನರನ್ನು ರಕ್ಷಣಾ ತಂಡಗಳು ಕೆಳಗೆ ತಂದ ಮೇಲಷ್ಟೇ ದುರಂತದ ಗಾತ್ರ ನಮಗೆ ತಿಳಿಯಿತು. ಆ ತಂಡ ಎಲ್ಲಿ ತಪ್ಪಿತು ಎಂದು ಊರಲ್ಲಿ ಕೂತು ಎಣಿಸುವುದು ಸಭ್ಯತೆಯಲ್ಲ. ಪಳಗಿದವರಿಗೂ ಪರ್ವತ ರಿಯಾಯಿತಿ ಕೊಡುವುದಿಲ್ಲ: 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿದ್ದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯದೇ ತಂಡ.

ಆದರೂ ಮನುಷ್ಯನ ಕೈಯಲ್ಲಿರುವುದು ಒಂದಿದೆ, ತಿರುಗುವ ಹೊತ್ತು. ಹೊರಡುವ ಮೊದಲೇ ಕಾಗದದ ಮೇಲೆ ಬರೆದಿಡಬೇಕು: ಇಂತಿಷ್ಟು ಗಂಟೆಗೆ ಎಲ್ಲಿದ್ದರೆ ಅಲ್ಲಿಂದ ವಾಪಸ್. ಶಿಖರ ನೂರೇ ಮೀಟರ್ ದೂರವಿರಲಿ, ಸರೋವರ ಕಣ್ಣಿಗೇ ಕಾಣುತ್ತಿರಲಿ. 1996ರ ಮೇ 10ರಂದು ಎವರೆಸ್ಟಿನಲ್ಲಿ ಮಧ್ಯಾಹ್ನ ಎರಡಕ್ಕೆ ತಿರುಗಬೇಕೆಂಬ ಮಾತಿತ್ತು. ಎರಡರ ಮೇಲೂ ಏರುತ್ತಲೇ ಹೋದವರಿದ್ದರು, ಒಬ್ಬರಂತೂ ತುದಿ ಮುಟ್ಟಿದ್ದು ನಾಲ್ಕು ದಾಟಿದ ಮೇಲೆ. ಆ ಸಂಜೆ ಎದ್ದ ಬಿರುಗಾಳಿಯಲ್ಲಿ ಎಂಟು ಮಂದಿ ಸತ್ತರು. ಅಲ್ಲಿದ್ದ ಮಾರ್ಗದರ್ಶಿಗಳೇನು ಹೊಸಬರಲ್ಲ. ಲಕ್ಷಗಟ್ಟಲೆ ದುಡ್ಡು ಸುರಿದು ಅಷ್ಟು ದೂರ ಬಂದವನಿಗೆ ‘ಸಾಕು, ನಡಿ’ ಎನ್ನಲು ಅವರಿಗೂ ಬಾಯಿ ಬರಲಿಲ್ಲ ಎಂದೇ ನನಗನಿಸುತ್ತದೆ.

ನಮ್ಮ ಕಡೆಯ ಹುಡುಗರಿಗೆ ಇನ್ನೊಂದು ತೊಡಕಿದೆ, ರೈಲ್ವೆ ಟಿಕೆಟ್. ಹುಬ್ಬಳ್ಳಿಯಿಂದ ದಿಲ್ಲಿಗೆ ಹೋಗಿಬರುವುದಕ್ಕೇ ಮೂರ್ನಾಲ್ಕು ದಿನ ಕಳೆಯುತ್ತದೆ, ರಜೆ ಹತ್ತೇ ದಿನ. ಆಗ ಮೊದಲು ಕತ್ತರಿ ಬೀಳುವುದು ಬಿಡುವಿನ ದಿನಕ್ಕೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ಮನೆ ಇರಬೇಕು ಎನ್ನುತ್ತಾರೆ ವೈದ್ಯರು. ಹಾಗೆ ಕೂತ ದಿನ ದಂಡವೆಂದು ಕಾಣುತ್ತದೆ. ಅವಸರಕ್ಕೆ ಬಿದ್ದವನಿಗೆ ತಲೆನೋವು, ವಾಂತಿ ಶುರುವಾಗುತ್ತದೆ. ಅದನ್ನು ಮುಚ್ಚಿಟ್ಟುಕೊಂಡು ಮೇಲೇರಿದರೆ ಶ್ವಾಸಕೋಶದಲ್ಲಿ, ಮಿದುಳಿನಲ್ಲಿ ನೀರು ತುಂಬಬಹುದು. ಅದಕ್ಕಿರುವ ಮೊದಲ ಮದ್ದು ಕೆಳಗಿಳಿಯುವುದು.

ಈ ಬೇಸಿಗೆಗೆ ಹಿಮಾಲಯಕ್ಕೆ ಹೊರಡುವ ತಮ್ಮ ತಂಗಿಯರೇ, ಕಂಪನಿಗೆ ಮುಂಗಡ ಕಟ್ಟುವ ಮುಂಚೆ ಮೂರು ಮಾತು ಕೇಳಿ: ಎಷ್ಟು ಹೊತ್ತಿಗೆ ತಿರುಗಿ ಬರೋದು, ಹಾಗಂತ ಹೇಳುವ ಹಕ್ಕು ಯಾರದು, ಹವೆ ಕೆಟ್ಟರೆ ಎಂದು ಎಷ್ಟು ದಿನ ಕೈಯಲ್ಲಿ ಇಟ್ಟುಕೊಂಡಿದ್ದೀರಿ. ನೆಟ್ಟಗೆ ಉತ್ತರ ಬರದಿದ್ದರೆ ದುಡ್ಡು ಕಟ್ಟಬೇಡಿ. ಬಂದರೆ, ಆ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು, ದಿನದಿನದ ತಂಗುದಾಣದ ಹೆಸರಿನೊಂದಿಗೆ, ಮನೆಯಲ್ಲಿ ಅವ್ವನ ಕೈಗೆ ಕೊಟ್ಟು ಹೋಗಿ.