ನೆಲ ಡೊಂಕೋ, ಕಾಲು ಡೊಂಕೋ?

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಈ ಗಾದೆ ಹೇಳುವಾಗ ಯಾರೂ ನೆಲಕ್ಕೆ ರಸಮಟ್ಟ ಇಟ್ಟು ನೋಡುವುದಿಲ್ಲ. ನೆಲ ಸರಿಯಿದೆ ಎಂದು ಮೊದಲೇ ಒಪ್ಪಿಕೊಂಡು ನಗುತ್ತೇವೆ. ಕ್ವಾಂಟಮ್ ಕಂಪ್ಯೂಟರಿನ ಪ್ರಯೋಗಶಾಲೆಯಲ್ಲಿ ಹೀಗೆ ನಗುವುದು ಅಷ್ಟು ಸಲೀಸಲ್ಲ.

ಅಲ್ಲಿನ ಅತಿ ಸರಳ ಪರೀಕ್ಷೆ ಇದು: ಒಂದು ಕ್ಯೂಬಿಟ್ಟನ್ನು 0 ಸ್ಥಿತಿಯಲ್ಲಿ ಸಿದ್ಧಪಡಿಸಿ, ಬೇರೇನೂ ಮಾಡದೆ ಅಳೆಯುವುದು. 0 ಬರಬೇಕು. 10,000 ಸಲ ಮಾಡಿದಾಗ 198 ಸಲ 1 ಬಂತು ಎನ್ನಿ. ತಪ್ಪು ಯಾರದು? ಸಿದ್ಧತೆ, ಅಳತೆ ಎರಡೂ ನೂರಕ್ಕೆ ಒಂದರಂತೆ ತಪ್ಪಿದರೆ ಸರಾಸರಿ 198 ಬರುತ್ತದೆ. (200 ಅಲ್ಲ; ಎರಡೂ ಒಟ್ಟಿಗೆ ತಪ್ಪಿದಾಗ ತಪ್ಪನ್ನು ತಪ್ಪು ಮುಚ್ಚಿ 0 ಎಂದೇ ಕಾಣುತ್ತದೆ.) ಸಿದ್ಧತೆ ನಿರ್ದೋಷಿಯಾಗಿದ್ದು ಅಳತೆಯೊಂದೇ ನೂರಕ್ಕೆ 1.98ರಷ್ಟು ತಪ್ಪಿದರೂ 198. ಎಷ್ಟು ಸಲ ಮಾಡಿದರೂ ಈ ಪರೀಕ್ಷೆ ಇಬ್ಬರು ಆರೋಪಿಗಳನ್ನು ಬೇರ್ಪಡಿಸದು. ಜೋಡಿಗೆ ಇಂಗ್ಲಿಷಿನ ಮೊದಲಕ್ಷರ ಕೂಡಿಸಿ ‘ಸ್ಪ್ಯಾಮ್’ ಎನ್ನುತ್ತಾರೆ. ಕಸದ ಮಿಂಚಂಚೆಯ ಹೆಸರೇ.

ರೂಢಿಯಲ್ಲಿ ಹೊಣೆಯೆಲ್ಲ ಅಳತೆಯ ತಲೆಗೆ. ಅನುಮಾನ ಅಕಾರಣವೂ ಅಲ್ಲ: ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ಟನ್ನು ಓದಲು ಸಮಯ ಹಿಡಿಯುತ್ತದೆ, ಓದುತ್ತಿರುವಾಗಲೇ 1 ಜಾರಿ 0 ಆಗಬಹುದು. ಹಾಗಾಗಿ ಅಳತೆಯ ತಪ್ಪುಗಳ ಕೋಷ್ಟಕ ಮಾಡಿಕೊಂಡು, ಮುಂದಿನ ಉತ್ತರಗಳನ್ನೆಲ್ಲ ಅದರಿಂದ ತಿದ್ದುತ್ತಾರೆ. ಆದರೆ ಆ ಕೋಷ್ಟಕದಲ್ಲಿ ಸಿದ್ಧತೆಯ ಸಾಲವೂ ಅಳತೆಯ ಖಾತೆಗೇ ಬಿದ್ದಿರುತ್ತದೆ. ಒಂದೆರಡು ಕ್ಯೂಬಿಟ್‌ಗಳಾದರೆ ನಗಣ್ಯ. ನೂರು ಕ್ಯೂಬಿಟ್‌ಗಳಲ್ಲಿ 1 ಬಂದದ್ದು ಸಮವೋ ಬೆಸವೋ ಎಂದು ಕೇಳುವ ಲೆಕ್ಕದಲ್ಲಿ, ನೂರಕ್ಕೊಂದು ಸಿದ್ಧತೆಯ ತಪ್ಪು ಎಂದರೆ 0.98ನ್ನು ನೂರು ಸಲ ಗುಣಿಸಿದಂತೆ. ಉಳಿಯುವುದು ಸುಮಾರು 0.13. ಅದನ್ನು ಅಳತೆಯ ತಪ್ಪೆಂದೇ ಎಣಿಸಿ ಭಾಗಿಸಿದರೆ ಉತ್ತರ ಏಳು ಪಟ್ಟಿಗೂ ಮಿಕ್ಕಿ ಉಬ್ಬಬಹುದು. ಯಂತ್ರ ಇದ್ದುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ. ಯಾರೂ ಸುಳ್ಳು ಹೇಳಿಲ್ಲ. ಆದರೂ ‘ತಿದ್ದಿದ ಫಲಿತಾಂಶ’ ಎಂಬ ಮಾತು ನನಗೆ ಇರಿಸುಮುರಿಸು ತರುತ್ತದೆ. ಒಬ್ಬನನ್ನು ವಿಚಾರಣೆಯಿಲ್ಲದೆ ಬಿಟ್ಟ ತೀರ್ಪನ್ನು ತಿದ್ದಿದ್ದು ಎನ್ನಬಹುದೇ?

ಬೇರೆ ದಾರಿ ಇಲ್ಲವೆಂದಲ್ಲ. ಅದೇ ಕ್ಯೂಬಿಟ್ಟನ್ನು ಬೆನ್ನುಬೆನ್ನಿಗೆ ಎರಡು ಸಲ ಓದಬಹುದು. ಸಿದ್ಧತೆ ತಪ್ಪಿದ್ದರೆ ಎರಡೂ ಸಲ 1 ಬರುವ ಸಂಭವವೇ ಹೆಚ್ಚು. ಓದು ತಪ್ಪಿದ್ದರೆ ಎರಡು ಓದುಗಳು ಸಾಮಾನ್ಯವಾಗಿ ಜಗಳವಾಡುತ್ತವೆ. ಆಗಲೂ ಮೊದಲ ಓದು ಕ್ಯೂಬಿಟ್ಟನ್ನು ಕೆಡಿಸಲಿಲ್ಲ ಎಂದು ನಂಬಬೇಕು.

ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು ಬೆಳೆಸಿದ ಗೇಟ್ ಸೆಟ್ ಟೊಮೋಗ್ರಫಿ ಯಾರನ್ನೂ ಮುಂಚಿತವಾಗಿ ನಂಬುವುದಿಲ್ಲ. ಸಿದ್ಧತೆ, ಗೇಟುಗಳು, ಅಳತೆ, ಮೂವರನ್ನೂ ಒಟ್ಟಿಗೇ ಕಟಕಟೆಯಲ್ಲಿ ನಿಲ್ಲಿಸುತ್ತದೆ. ಕೊನೆಗೆ ಹೊಣೆಯ ಸ್ವಲ್ಪ ಭಾಗವನ್ನು ಹೇಗೆ ಹಂಚಿದರೂ ಪ್ರಯೋಗದ ಒಂದಂಕಿಯೂ ಬದಲಾಗದು ಎಂದು ಅದೇ ಒಪ್ಪಿಕೊಳ್ಳುತ್ತದೆ.