ಒಂದು ಕರವಸ್ತ್ರದ ಭಾರ


*ಇಂದಿನ ಧಮ್ಮ ಚಿಂತನೆ*



ಷೇಕ್ಸ್‌ಪಿಯರನ ‘ಒಥೆಲೊ’ ನಾಟಕದಲ್ಲಿ ಒಂದು ಕರವಸ್ತ್ರ ಬರುತ್ತದೆ. 1604ರಲ್ಲೇ ಇಂಗ್ಲೆಂಡಿನ ಅರಮನೆಯಲ್ಲಿ ಆಡಿದ ನಾಟಕ ಇದು. 1693ರಲ್ಲಿ ಥಾಮಸ್ ರೈಮರ್ ಎಂಬ ವಿಮರ್ಶಕ, ಒಂದು ಕರವಸ್ತ್ರಕ್ಕೆ ಇಷ್ಟೆಲ್ಲ ರಾದ್ಧಾಂತವೇ ಎಂದು ಗೇಲಿ ಮಾಡಿದ. ಗೇಲಿಯೊಳಗೆ ಒಳ್ಳೆಯ ಪ್ರಶ್ನೆಯೂ ಇದೆ. ಅಷ್ಟು ಹಗುರವಾದ ಬಟ್ಟೆಗೆ ಒಂದು ಜೀವ ತೆಗೆಯುವಷ್ಟು ಭಾರ ಎಲ್ಲಿಂದ ಬಂತು?

ಕಥೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಒಥೆಲೊ ವೆನಿಸ್ ನಗರದ ಸೇನಾಪತಿ. ಸ್ಟ್ರಾಬೆರಿ ಕಸೂತಿಯ ಕರವಸ್ತ್ರ ಅವನು ಹೆಂಡತಿ ಡೆಸ್ಡಿಮೋನಾಗೆ ಕೊಟ್ಟ ಮೊದಲ ಉಡುಗೊರೆ. ಒಂದು ದಿನ ತಲೆನೋವು ಎಂದ ಗಂಡನ ಹಣೆಗೆ ಅವಳು ಅದನ್ನೇ ಕಟ್ಟಲು ಹೋಗುತ್ತಾಳೆ. ಇದು ಚಿಕ್ಕದಾಯಿತು ಎನ್ನುತ್ತಾನೆ. ಅದು ಕೆಳಗೆ ಬೀಳುತ್ತದೆ, ಇಬ್ಬರೂ ಮರೆತು ಹೋಗುತ್ತಾರೆ. ಸಖಿ ಎಮಿಲಿಯಾ ಎತ್ತಿಕೊಂಡು ತನ್ನ ಗಂಡ ಇಯಾಗೊಗೆ ಕೊಡುತ್ತಾಳೆ. ಅವನು ಅದನ್ನು ಕ್ಯಾಸಿಯೊ ಎಂಬ ಅಧಿಕಾರಿಯ ಕೋಣೆಯಲ್ಲಿ ಹಾಕಿಸಿ, ಒಥೆಲೊನ ಕಿವಿಯಲ್ಲಿ ವಿಷ ತುಂಬುತ್ತಾನೆ. ಕೊನೆಗೆ ಒಥೆಲೊ ನಿರಪರಾಧಿ ಹೆಂಡತಿಯನ್ನು ಹಾಸಿಗೆಯಲ್ಲೇ ಕೊಲ್ಲುತ್ತಾನೆ. ಸತ್ಯ ತಿಳಿದ ಮೇಲೆ ತನ್ನನ್ನೂ ಇರಿದುಕೊಳ್ಳುತ್ತಾನೆ.

ಗಮನಿಸಿ, ಒಥೆಲೊ ಚಾಡಿಯನ್ನು ಕೇಳಿದ ಕೂಡಲೇ ನಂಬಿದವನಲ್ಲ. ಕಣ್ಣಿಗೆ ಕಾಣುವ ಸಾಕ್ಷಿ ಬೇಕೆಂದು ಹಠ ಹಿಡಿದವನು. ಸಾಕ್ಷಿ ಸಿಕ್ಕಿತು ಕೂಡ. ಆ ಕರವಸ್ತ್ರ ಕ್ಯಾಸಿಯೊನ ಬಳಿ ಇದ್ದದ್ದನ್ನು ಅವನು ಕಣ್ಣಾರೆ ಕಂಡ. ಕಣ್ಣು ಸುಳ್ಳು ಹೇಳಲಿಲ್ಲ. ಆದರೆ ಕಣ್ಣು ಕಂಡದ್ದು ಒಂದು ಬಟ್ಟೆಯನ್ನು ಮಾತ್ರ. ‘ಹೆಂಡತಿ ದ್ರೋಹಿ’ ಎಂಬುದನ್ನು ಸೇರಿಸಿದ್ದು ಮನಸ್ಸು.

ಅದೇ ಬಟ್ಟೆ ಬೇರೆಯವರಿಗೆ ಏನಾಗಿತ್ತು? ಡೆಸ್ಡಿಮೋನಾಗೆ ಮುತ್ತಿಟ್ಟು ಮಾತಾಡಿಸುವ ಪ್ರೀತಿಯ ಗುರುತು. ಎಮಿಲಿಯಾಗೆ ಗಂಡನನ್ನು ಮೆಚ್ಚಿಸುವ ದಾರಿ. ಇಯಾಗೊಗೆ ಆಯುಧ. ಕ್ಯಾಸಿಯೊಗೆ ಬರೀ ಚೆಂದದ ಕಸೂತಿ. ಅವನ ಗೆಳತಿ ಬಿಯಾಂಕಾಗೆ ಇನ್ನೊಬ್ಬ ಹೆಣ್ಣಿನ ಕಾಣಿಕೆ. ಒಥೆಲೊ ಕೂಡ ಒಮ್ಮೆ ಅದನ್ನು ಈಜಿಪ್ಟಿನ ಹೆಂಗಸು ತನ್ನ ತಾಯಿಗೆ ಕೊಟ್ಟಳು ಎನ್ನುತ್ತಾನೆ, ಕೊನೆಯಲ್ಲಿ ತಂದೆ ತಾಯಿಗೆ ಕೊಟ್ಟದ್ದು ಎನ್ನುತ್ತಾನೆ. ಬಟ್ಟೆ ಬದಲಾಗಲಿಲ್ಲ. ಹಿಡಿದ ಮನಸ್ಸಿನಂತೆ ಅರ್ಥ ಬದಲಾಯಿತು.

ಮಧುಪಿಂಡಿಕ ಸುತ್ತದಲ್ಲಿ ಪೂಜ್ಯ ಮಹಾಕಚ್ಚಾನರು ಇದನ್ನೇ ಹಂತ ಹಂತವಾಗಿ ಬಿಡಿಸಿ ತೋರಿಸುತ್ತಾರೆ. ಕಣ್ಣು, ರೂಪ ಮತ್ತು ಕಣ್ಣಿನ ಅರಿವು ಮೂರೂ ಸೇರಿದಾಗ ಸ್ಪರ್ಶ, ಸ್ಪರ್ಶದಿಂದ ವೇದನೆ. ಅಲ್ಲಿಯವರೆಗೆ ಎಲ್ಲವೂ ತಾನಾಗಿ ನಡೆಯುತ್ತದೆ. ಆಮೇಲೆ ನಾವು ಅದಕ್ಕೆ ಹೆಸರಿಡುತ್ತೇವೆ, ಯೋಚಿಸುತ್ತೇವೆ, ಯೋಚನೆಯನ್ನು ಬೆಳೆಸುತ್ತೇವೆ. ಈ ಬೆಳೆಸುವಿಕೆಗೆ ಪಾಳಿಯಲ್ಲಿ ‘ಪಪಂಚ’ ಎಂದು ಹೆಸರು. ಕೊನೆಗೆ ನಾವು ಬೆಳೆಸಿದ ಯೋಚನೆಯೇ ನಮ್ಮ ಮೇಲೆ ಬೀಳುತ್ತದೆ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಅಪ್ಪ ತೀರಿಕೊಂಡ ಮೂರನೇ ತಿಂಗಳು ತಮ್ಮನ ಚೀಲದಲ್ಲಿ ಅಮ್ಮನ ಬ್ಯಾಂಕ್ ಪಾಸ್‌ಬುಕ್ ಕಣ್ಣಿಗೆ ಬಿತ್ತು. ನಾನು ಏನೂ ಕೇಳಲಿಲ್ಲ. ಎರಡು ವಾರ ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವನ ಹೊಸ ಚಪ್ಪಲಿ, ಫೋನಿನಲ್ಲಿ ಮೆಲ್ಲಗೆ ಮಾತಾಡಿದ್ದು, ಎಲ್ಲವೂ ಸಾಕ್ಷಿಯಾಗಿ ಕಂಡವು. ಕೊನೆಗೆ ಅಮ್ಮನೇ ಕೇಳಿದಳು, “ಎಂಟ್ರಿ ಹಾಕಿಸ್ಕೊಂಡು ಬಾ ಅಂತ ಅವನ ಕೈಲಿ ಪಾಸ್‌ಬುಕ್ ಕೊಟ್ಟಿದ್ದೆ, ನಿನಗೇನಾದ್ರೂ ತಂದುಕೊಟ್ಟನಾ?” ತಲೆ ತಗ್ಗಿಸಿದೆ. ತಮ್ಮನಿಗೆ ಈಗಲೂ ಆ ಎರಡು ವಾರದ ಕಾರಣ ಗೊತ್ತಿಲ್ಲ. ಅವನಿಗೆ ಹೇಳುವುದು ಬಾಕಿ ಇದೆ.

ಹಾಗಾದರೆ ಯಾರನ್ನೂ ಅನುಮಾನಿಸಲೇಬಾರದೇ? ಬುದ್ಧರು ಕಣ್ಣು ಮುಚ್ಚಿ ನಂಬಿ ಎಂದು ಹೇಳಲಿಲ್ಲ, ಪರೀಕ್ಷಿಸಿ ನೋಡಿ ಎಂದರು. ಆದರೆ ಪರೀಕ್ಷೆ ಎಂದರೆ ವಸ್ತುವನ್ನು ನೋಡುವುದಷ್ಟೇ ಅಲ್ಲ, ಮನುಷ್ಯನನ್ನು ಕೇಳುವುದೂ ಹೌದು. “ಕರವಸ್ತ್ರ ಎಲ್ಲಿ?” ಎಂದು ಒಥೆಲೊ ಗದರಿದ, ಹೆದರಿದ ಡೆಸ್ಡಿಮೋನಾ ಕಳೆದಿಲ್ಲ ಎಂದು ಸುಳ್ಳು ಹೇಳಿದಳು. ಗದರಿಸಿ ಕೇಳಿದರೆ ನಿಜ ಹೊರಗೆ ಬರುವುದಿಲ್ಲ. ನಾನು ಯಾರೊಂದಿಗೆ, ಹೇಗೆ ತಪ್ಪಿದೆ ಎಂದು ಅವಳು ಕೇಳಿದಾಗ ಅವನು ಉತ್ತರಿಸಲಿಲ್ಲ. ಕೊಲ್ಲಲು ನಿಂತಾಗಲೇ ಕ್ಯಾಸಿಯೊ ಹೆಸರು ಎತ್ತಿದ. ಅವನನ್ನು ಕರೆಸಿ ಕೇಳಿ ಎಂದು ಅವಳು ಬೇಡಿದಳು. ಆ ಒಂದು ಮಾತು ಕೇಳಿದ್ದರೆ ಸಾಕಿತ್ತು.

ನಮ್ಮ ಮನೆಯಲ್ಲೂ ಕರವಸ್ತ್ರಗಳಿವೆ. ಒಂದು ರಸೀದಿ, ಒಂದು ಮಿಸ್ಡ್ ಕಾಲ್, ಓದಿಯೂ ಉತ್ತರ ಬಾರದ ಮೆಸೇಜಿನ ಎರಡು ನೀಲಿ ಗುರುತು. ಇಂದು ಅಂಥದ್ದೇನಾದರೂ ಎದೆಗೆ ಚುಚ್ಚಿದರೆ ಮೂರು ಉಸಿರು ನಿಂತು ಕೇಳಿಕೊಳ್ಳೋಣ:

*ನಾನು ಕಂಡದ್ದೇನು?*
*ನಾನು ಸೇರಿಸಿದ್ದೇನು?*
*ಯಾರನ್ನು ಇನ್ನೂ ಕೇಳಿಲ್ಲ?*

ಮೂರನೆಯದಕ್ಕೆ ಒಂದು ಹೆಸರು ಹೊಳೆದರೆ, ಇಂದೇ ಅವರೊಂದಿಗೆ ಮೆಲುದನಿಯಲ್ಲಿ ಮಾತಾಡಿ. ನಾನು ಸಂಜೆ ತಮ್ಮನಿಗೆ ಫೋನ್ ಮಾಡುತ್ತೇನೆ.

ಭವತು ಸಬ್ಬ ಮಂಗಲಂ 🪷